ಸೋಮವಾರದ ಮಾತ್ರೆಯವರಲ್ಲಿ, ಸಾಯಲು ಅನುಮತಿ ಕೋರಿ

ಮಾನ್ಯ ಸೋಮವಾರದ ಮಾತ್ರೆಯವರೇ,

ವಾರಕ್ಕೊಮ್ಮೆ ದರ್ಶನವಿತ್ತು ನನ್ನ ಟೊಳ್ಳು ಮೂಳೆಗಳಿಗೆ ಧೈರ್ಯ ತುಂಬುವ ತಮ್ಮ ದುಂಡು ಬಿಳಿ ಸನ್ನಿಧಾನಕ್ಕೆ, ಬಾಗಿದರೆ ಬೆನ್ನು ಹಿಡಿಯುವುದರಿಂದ, ನಿಂತಲ್ಲಿಂದಲೇ ನಮಸ್ಕಾರಗಳು.

ತಮ್ಮ ಶಿಸ್ತನ್ನು ಎಷ್ಟು ಕೊಂಡಾಡಿದರೂ ಸಾಲದು. ಬರಿಹೊಟ್ಟೆ, ತುಂಬಿದ ಲೋಟ ನೀರು, ಆಮೇಲೆ ಅರ್ಧ ಗಂಟೆ ಕಾಫಿಯಿಲ್ಲ, ಮಲಗುವಂತಿಲ್ಲ. ಈ ಅಪ್ಪಣೆಯನ್ನು ನಮ್ಮ ಯಜಮಾನರು ಇಡೀ ಸೋಮವಾರಕ್ಕೆ ಅನ್ವಯಿಸಿ, ಮನೆಯ ದಿಂಬುಗಳನ್ನೆಲ್ಲ ಬೀರುವಿಗೆ ತುಂಬಿ ಬೀಗ ಜಡಿದು, ಪರೀಕ್ಷಾ ಮೇಲ್ವಿಚಾರಕರಂತೆ ನನ್ನೆದುರು ಕುಳಿತು ತಾವೇ ಗೊರಕೆ ಹೊಡೆದರು.

ಆದರೆ ತಾವು ಸಹೋದ್ಯೋಗಿಗಳೊಂದಿಗೆ ಮಾತು ಬಿಟ್ಟಿರುವಂತಿದೆ. ಥೈರಾಯ್ಡ್ ಮಾತ್ರೆಯವರಿಗೂ ಬರಿಹೊಟ್ಟೆಯೇ ಬೇಕು, ತಿಂಡಿ ತಡವಾದರೆ ಸಕ್ಕರೆ ಮಾತ್ರೆಯವರು ಕೈಕಾಲು ನಡುಗಿಸುತ್ತಾರೆ, ಬಿ.ಪಿ. ಮಾತ್ರೆಯವರಂತೂ ಹೊತ್ತುಗೊತ್ತಿಲ್ಲದೆ ಬಚ್ಚಲಿಗೆ ಓಡಿಸುತ್ತಾರೆ. ಎದ್ದರೆ ತಲೆಸುತ್ತು, ಓಡಿದರೆ ಒದ್ದೆ ನೆಲ. ಮೂಳೆ ಗಟ್ಟಿಮಾಡುವವರು ಒಬ್ಬರು, ಮುರಿಯುವ ಏರ್ಪಾಡು ಮಾಡುವವರು ಇನ್ನೊಬ್ಬರು. ಇಬ್ಬರ ಸಂಸಾರವೂ ಒಂದೇ ಡಬ್ಬಿಯಲ್ಲಿ!

ಈಗ ನನ್ನ ಅಳಲು. ಬಡಾವಣೆಯ ಹವ್ಯಾಸಿ ನಾಟಕದಲ್ಲಿ ನಾನು ದುಷ್ಟ ರಾಣಿ. ಕೊನೆಗೆ ವಿಷ ಕುಡಿದು ದೊಪ್ಪನೆ ಬಿದ್ದು ಸಾಯಬೇಕು. ಮೂಳೆ ಡಾಕ್ಟರು, "ಸಾಯೋದು ನಿಮ್ಮಿಷ್ಟ, ಬೀಳೋ ಹಾಗಿಲ್ಲ" ಎಂದುಬಿಟ್ಟರು. ನಿರ್ದೇಶಕರು, "ಬೀಳದೇ ಇದ್ರೆ ಸತ್ತಿದ್ದು ಜನಕ್ಕೆ ಗೊತ್ತಾಗೋದು ಹೇಗಮ್ಮಾ?" ಎಂದರು. ನನಗಿಂತ ಒಂದೇ ವರ್ಷ ಚಿಕ್ಕವಳಾದ ನಾದಿನಿ, "ಅತ್ತಿಗೆ, ನಿಮ್ಮ ಸೊಂಟ ಮುಖ್ಯ. ಬೀಳೋಕೆ ನಾನಿದ್ದೀನಲ್ಲ!" ಎನ್ನುತ್ತ ಆಗಲೇ ಕಿರೀಟಕ್ಕೆ ತಲೆಯ ಅಳತೆ ಕೊಟ್ಟು ಬಂದಿದ್ದಾಳೆ. ಮೂರು ಅಂಕ ಗಂಟಲು ಹರಿದುಕೊಂಡವಳು ನಾನು, ಚಪ್ಪಾಳೆ ಅವಳಿಗೆ?

ಆದ್ದರಿಂದ ತಾವು ಡಬ್ಬಿಯಲ್ಲೇ ಸರ್ವಪಕ್ಷ ಸಭೆ ಕರೆದು, ನನ್ನ ಒಂದೇ ಹೊಟ್ಟೆಯನ್ನು ಸರದಿಯ ಮೇಲೆ ಹಂಚಿಕೊಂಡು, ಪ್ರದರ್ಶನದ ಸಂಜೆ ಕ್ಷಣಕಾಲ ನನ್ನ ಸೊಂಟವನ್ನು ರಬ್ಬರಿನದಾಗಿಸಬೇಕು. ಅದು ತಮ್ಮ ವ್ಯಾಪ್ತಿಗೆ ಬರದಿದ್ದರೆ, ರಂಗದ ಮಟ್ಟಿಗೆ ಭೂಮಿಯ ಸೆಳೆತವನ್ನಾದರೂ ಸಡಿಲಿಸಿಕೊಡಬೇಕೆಂದು ಬೇಡುವ,

ತಮ್ಮ ವಿಶ್ವಾಸಿ,
ಸಾಯಲು ಸಿದ್ಧಳಾಗಿರುವ ರಾಣಿ

ವಿ.ಸೂ.: ಪತ್ರ ಮುಚ್ಚುವಷ್ಟರಲ್ಲಿ ಸುದ್ದಿ ಬಂತು. ನಾದಿನಿಯ ಮೂಳೆಗಳು ನನ್ನವಕ್ಕಿಂತಲೂ ಟೊಳ್ಳಂತೆ. ಡಾಕ್ಟರು ಅವಳಿಗೂ ಬೀಳಬಾರದೆಂದು ಕಟ್ಟಪ್ಪಣೆ ಮಾಡಿದ್ದಾರಂತೆ. ನಿರ್ದೇಶಕರು ಬೇರೆ ದಾರಿ ಕಾಣದೆ, ರಾಣಿ ಸಿಂಹಾಸನದಲ್ಲಿ ಕುಳಿತೇ ಸಾಯಲಿ ಎಂದು ನನಗೇ ಪಾತ್ರ ಬಿಟ್ಟುಕೊಟ್ಟಿದ್ದಾರೆ. ಹಾಗಾಗಿ ಭೂಮಿಯ ತಂಟೆಗೆ ಹೋಗಬೇಡಿ. ಮುಂದಿನ ಸೋಮವಾರ ಅವಳ ಮನೆಗೂ ದಯಮಾಡಿಸಿ. ಕಾಫಿಯ ವಿಷಯದಲ್ಲಿ ಮಾತ್ರ ಎಳ್ಳಷ್ಟೂ ದಾಕ್ಷಿಣ್ಯ ಬೇಡ.