ಇಲ್ಲಿ ಬೀರು ಮಾತ್ರ

ಬೇರೆಯವರ ಮನೆಯ ಬೀರು ತೆಗೆಯುವುದು ನನ್ನ ಕಸುಬು. ಇಷ್ಟು ವರ್ಷವಾದರೂ ಬಾಗಿಲು ಕಿರ್ ಅಂದಾಗ ಎದೆ ಢವ್ ಅನ್ನುತ್ತದೆ. ಒಳಗೆ ಏನಿರುತ್ತೋ, ಹೊರಗೆ ನಿಂತವರು ಏನು ಮಾಡ್ತಾರೋ, ಯಾವ ಬೀರುವೂ ಮೊದಲೇ ಹೇಳುವುದಿಲ್ಲ.

ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಅಂಗಡಿ. ಮೊದಲು ಛತ್ರಿ, ಸ್ಟವ್ವು, ಟಾರ್ಚು, ಸೂಟ್‌ಕೇಸಿನ ಜಿಪ್ಪು ಎಲ್ಲಾ ರಿಪೇರಿ ಮಾಡುತ್ತಿದ್ದೆ. ಬರಬರುತ್ತಾ ಅಂಗಡಿ ಮುಚ್ಚುವ ಹಂತಕ್ಕೆ ಬಂತು. ಆಗ ನನ್ನ ಹೆಂಡತಿ ಹೇಳಿದಳು: "ಸುನೋ ಜೀ, ಛತ್ರಿ ಮುರಿದ್ರೆ ಜನ ಹೊಸಾದು ತಗೋತಾರೆ. ಬೀರು ಬೀಗ ಕೆಟ್ರೆ ಹೊಸ ಬೀರು ತಗೋತಾರಾ? ಅದೊಂದೇ ಹಿಡ್ಕೊಳ್ಳಿ. ಕೆ.ಆರ್. ಪೇಟೆ, ನಾಗಮಂಗಲದವರೆಗೂ ಬೀರು ಅಂದ್ರೆ ನೀವೇ ಅನ್ನಂಗಾಗ್ಲಿ."

ಬಾಕಿ ಸಾಮಾನೆಲ್ಲ ಗುಜರಿಗೆ ಹಾಕಿದೆ. ಆಮೇಲೆ ಮೂರು ದಿನ ನಿದ್ದೆ ಬರಲಿಲ್ಲ.

ಬೋರ್ಡು

ಬೋರ್ಡು ಚಿಕ್ಕದು. ಬರೆಯುವವನು "ಬೀಗ ಅನ್ನೋದಕ್ಕೆ ಜಾಗ ಇಲ್ಲ" ಅಂದ. ಸರಿ, "ಇಲ್ಲಿ ಬೀರು ಮಾತ್ರ" ಅಂತ ಬರೆಸಿ ನೇತುಹಾಕಿದೆ.

ಮೊದಲ ವಾರ ಬಂದ ಜನ ನೋಡಿ ನಾನೇ ಬೆರಗಾದೆ. ಆದರೆ ಒಬ್ಬರ ಕೈಯಲ್ಲೂ ಕೀ ಇಲ್ಲ. ಪಾಂಡವಪುರದ ಕಡೆಯವರೊಬ್ಬರು ಟವೆಲ್ಲಲ್ಲಿ ಬೆವರು ಒರೆಸಿಕೊಳ್ಳುತ್ತಾ ಬಂದು, "ಒಂದು ತಣ್ಣಗಿರದು ಕೊಡ್ಲಾ" ಅಂದರು.

ನಾನು ಗುಜರಿಯಿಂದ ತಂದಿಟ್ಟಿದ್ದ ಹಳೇ ಬೀರು ಬಾಗಿಲು ತೋರಿಸಿದೆ. "ಇರೋದು ಇದೇ ಅಣ್ಣ."

ಮುಟ್ಟಿ ನೋಡಿದರು. "ತಣ್ಣಗೇನೋ ಐತೆ" ಅಂದವರೇ, ಬೋರ್ಡು ಇನ್ನೊಂದು ಸಲ ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಸುಸ್ತಾಗಿ, ದನಿ ಇಳಿಸಿ, "ಅಂಗಾರೆ ನಮ್ಮನೆ ಬೀರು ತಗ್ದುಕೊಡ್ತೀಯಾ? ನನ್ನ ಹೆಂಡ್ರು ಕೀ ಮುಟ್ಟಕ್ಕೇ ಬುಡಾಕಿಲ್ಲ" ಅಂದರು.

"ಬೀರು ಯಾರ್ದೋ ಅವ್ರೇ ಬಂದು ಹೇಳ್ಬೇಕಣ್ಣ" ಅಂದೆ.

ಮಾರನೇ ದಿನ ಬೆಳಿಗ್ಗೆ ಅವರ ಹೆಂಡತಿಯೇ ಬಂದು ನಿಂತರು. "ನಿನ್ನೆ ನಮ್ಮೋರು ಬಂದಿದ್ರಂತಲ್ಲ ಸಾಬ್ರೆ?" ಹೂಂ ಅಂದೆ.

"ನಮ್ಮ ಬೀರುಗೆ ಇನ್ನೊಂದು ಬೀಗ ಕೂರ್ಸ್‌ಕೊಡಿ."

ಹೊಸ ಅಂಗಡಿಗೆ ಬಂದ ಮೊದಲ ಗಿರಾಕಿ ಅವರೇ.

ಉಸಿರು ಬಿಡಬೇಡಿ

ಕಿಕ್ಕೇರಿಯಿಂದ ಫೋನು. ಮದುವೆ ಮನೆ, ಹೆಣ್ಣಿನ ಸೀರೆ, ಒಡವೆ ಎಲ್ಲಾ ಬೀರು ಒಳಗೆ, ಕೀ ಕಾಣೆ. ಬಸ್ಸಿಳಿದು ಓಡಿದೆ. ಮುಹೂರ್ತಕ್ಕೆ ಇನ್ನೊಂದು ಗಂಟೆ ಇತ್ತು. ಹೆಣ್ಣು ಅಳುತ್ತಾ ಕೂತಿತ್ತು. ಕೋಣೆ ತುಂಬ ನೆಂಟರು, ಒಬ್ಬೊಬ್ಬರದು ಒಂದೊಂದು ಸಲಹೆ.

ಬೀಗದ ಒಳಗಿನ ಪಟ್ಟಿ ಎದ್ದಾಗ ಸಣ್ಣಗೆ ಟಿಕ್ ಅನ್ನುತ್ತೆ. ಅದು ಕೇಳದಿದ್ದರೆ ಕೆಲಸ ಆಗುವುದಿಲ್ಲ. "ಯಾರೂ ಉಸಿರು ಬಿಡಬೇಡಿ" ಅಂದೆ.

ನಾನು ಅಂಥದ್ದನ್ನು ಯಾವತ್ತೂ ಕಂಡಿರಲಿಲ್ಲ. ಚಪ್ಪರದಲ್ಲಿ ವಾಲಗ ನಿಂತಿತು. ಅಡುಗೆಯವರ ಸೌಟು ನಿಂತಿತು. ತಾಯಂದಿರು ಮಕ್ಕಳ ಬಾಯಿ ಮುಚ್ಚಿದರು. ಇಡೀ ಮದುವೆ ಮನೆ ನನ್ನ ಕಿವಿಗೋಸ್ಕರ ಉಸಿರು ಕಟ್ಟಿ ನಿಂತಿತು. ಮೂಲೆಯ ಮಂಚದ ಮೇಲಿದ್ದ ಹೆಣ್ಣಿನ ತಾತ ಮಾತ್ರ ಎರಡು ಸಲ "ಅಲ್ಲ ಕಣಪ್ಪ..." ಅಂದರು. ಎರಡು ಸಲವೂ ಎಲ್ಲರೂ ಸೇರಿ ಶ್ ಅಂದೆವು.

ಅರ್ಧ ಗಂಟೆಗೆ ಟಿಕ್ ಅಂತು. ಬಾಗಿಲು ತೆರೆಯಿತು. ವಾಲಗದವರು ಊದಿದ್ದೇ ಊದಿದ್ದು!

ತಾತ ಪಂಚೆ ಸರಿಸಿ ಉಡಿದಾರದಿಂದ ಕೀ ಬಿಚ್ಚಿ ನನ್ನ ಕೈಗಿಟ್ಟರು. "ಜೋಪಾನ್ವಾಗಿರ್ಲಿ ಅಂತ ನಾನೇ ಕಟ್ಕಂಡಿದ್ದೆ. ಯೇಳನಾ ಅಂದ್ರೆ ಉಸ್ರೇ ಬುಡ್ಬ್ಯಾಡ ಅಂದ್ಯಲ್ಲಪ್ಪ!"

ಒದೆ

ಅದಾದ ಮೇಲೆ ನನ್ನ ಹೆಸರು ಹಬ್ಬಿತು. ತಲೆಯೂ ಸ್ವಲ್ಪ ತಿರುಗಿತು ಅನ್ನಿ. ಬಿಂಡಿಗನವಿಲೆಯಲ್ಲಿ ಕುರಿ ಸಾಕಿದವರ ಮನೆಗೆ ಹೋಗಿ, ಯಜಮಾನರಿಗೆ "ಇದು ಕಿವಿಯ ವಿದ್ಯೆ" ಅಂತ ಭಾಷಣ ಮಾಡಿ ಕೂತೆ. ಮೂರು ಗಂಟೆಯಾದರೂ ಬೀರು ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಕುರಿ ಹೊಡೆದುಕೊಂಡು ಬಂದ ಅವರ ಹೆಂಡತಿ ಕೋಲು ಗೋಡೆಗೆ ಒರಗಿಸಿ, "ಇದ್ಕಾ?" ಅಂದರು. ಹಿಮ್ಮಡಿಯಲ್ಲಿ ಎಡಗಡೆ ಮೂಲೆಗೆ ಒಂದೇ ಒದೆ. ಬಾಗಿಲು ಆಕಳಿಸಿದ ಹಾಗೆ ತೆರೆದುಕೊಂಡಿತು.

ನಾನು ಎದ್ದು ನಿಂತುಬಿಟ್ಟೆ. "ಅಕ್ಕ, ಈ ವಿದ್ಯೆ ಯಾರು ಕಲಿಸಿದ್ರು?"

ಗದ್ದದಲ್ಲೇ ಗಂಡನನ್ನು ತೋರಿಸಿದರು. "ಸಿಟ್ಟು ಬಂದಾಗ ಇವರ್ಗೆ ಒದಿಯಕ್ಕಾದದಾ? ಬೀರುಗೆ ಒದ್ದೆ."

ಸಿಂಧಘಟ್ಟದ ಬೀರು

ಸಿಂಧಘಟ್ಟದಲ್ಲಿ ಒಂದು ಬೀದಿಯಿದೆ. ಅಲ್ಲಿ ನಾನು ಬೀರು ತೆಗೆಯದ ಮನೆಯೇ ಕಡಿಮೆ. ಹೋದ ವರ್ಷ ಅದೇ ಬೀದಿಯ ಅಣ್ಣತಮ್ಮಂದಿರು ಕರೆಸಿದರು. ತಾಯಿ ತೀರಿಕೊಂಡಿದ್ದರು, ಅವರ ಬೀರುವಿನ ಕೀ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ.

ಅಣ್ಣತಮ್ಮಂದಿರಿಗೆ ಎಂಟು ವರ್ಷದಿಂದ ಮಾತಿಲ್ಲ. ಗದ್ದೆಯ ಮೋಟರ್ ಮನೆ ಕೀ ಕಳೆದುಹೋಗಿ, ನೀನು ಬಚ್ಚಿಟ್ಟೆ, ನೀನು ಬಚ್ಚಿಟ್ಟೆ ಅಂತ ಶುರುವಾದ ಜಗಳ. ಈಗ ಬೀರು ಒಳಗಿನ ಒಡವೆ ಇನ್ನೊಬ್ಬ ಹೊಡೆದುಕೊಂಡಾನು ಅಂತ ಇಬ್ಬರಿಗೂ ಭಯ. ಅಕ್ಕಪಕ್ಕದವರೆಲ್ಲ ಸಾಕ್ಷಿಗೆ ಸೇರಿದ್ದರು.

"ಸಾಬ್ರೆ, ಅವನ್ಗೆ ದೂರ ನಿಂತ್ಕಳಕ್ಕೇಳಿ" ಅಂದರು ಅಣ್ಣ.

"ಅವರ್ಗೂ ಯೇಳಿ ಸಾಬ್ರೆ" ಅಂದ ತಮ್ಮ.

ಬೀಗ ತೆಗೆದು, ನನ್ನ ವಾಡಿಕೆಯಂತೆ ಗೋಡೆ ಕಡೆ ತಿರುಗಿ ನಿಂತೆ. ಒಳಗಿನದು ನಾನು ನೋಡಬಾರದು. ಬೆನ್ನ ಹಿಂದೆ ಝಣಝಣ ಸದ್ದು. ಒಡವೆಯೇ ಸಿಕ್ಕಿತು, ಇನ್ನು ಹೊಡೆದಾಟವೇ ಅಂದುಕೊಂಡೆ.

ಆಗ ಹೆಂಗಸೊಬ್ಬರು ಕೂಗಿದರು: "ಅಯ್ಯೋ, ಇದು ನಮ್ಮನೆ ಬೀರು ಕೀ ಕಣ್ರವ್ವಾ!"

ತಡೆಯಲಾಗದೆ ತಿರುಗಿದೆ. ಹಿತ್ತಾಳೆ ಕೊಳಗದ ತುಂಬ ಕೀಗಳು! ದಾರಿಯಲ್ಲಿ, ಬಾವಿಕಟ್ಟೆಯಲ್ಲಿ ಬಿದ್ದ ಕೀ ಕಂಡರೆ ಆ ತಾಯಿ ಬಿಡುತ್ತಿರಲಿಲ್ಲವಂತೆ. ಕೇಳಿಕೊಂಡು ಬಂದವರಿಗೆ ಕೊಡೋಣ ಅಂತ ಎತ್ತಿಡುವುದು, ಎತ್ತಿಟ್ಟದ್ದನ್ನೇ ಮರೆತುಬಿಡುವುದು. ಬೀದಿಯವರೆಲ್ಲ ಕೊಳಗಕ್ಕೆ ಮುಗಿಬಿದ್ದು "ಇದು ನಮ್ದು, ಇದು ನಮ್ದು" ಅಂತ ಆರಿಸತೊಡಗಿದರು.

ತಮ್ಮನ ಕೈಗೆ ನೀಲಿ ದಾರ ಕಟ್ಟಿದ ಒಂದು ಕೀ ಬಂತು. ಮೋಟರ್ ಮನೆಯದು. ಇಬ್ಬರೂ ಅದನ್ನೇ ನೋಡಿದರು.

"ನೀನಲ್ವೇನ್ಲಾ?" ಅಂದರು ಅಣ್ಣ.

"ನೀನಲ್ವೇನಣ್ಣ?" ಅಂದ ತಮ್ಮ.

ಎಂಟು ವರ್ಷದ ಮೇಲೆ ಆಡಿದ ಮೊದಲ ಮಾತು. ಇಬ್ಬರೂ ತಬ್ಬಿಕೊಂಡು ಅತ್ತರು, ಅಳುತ್ತಲೇ ನಕ್ಕರು.

ನಾನು ಮಾತ್ರ ಆ ಕೊಳಗವನ್ನೇ ನೋಡುತ್ತಿದ್ದೆ. ಆ ಬೀದಿಗೆ ನಾನು ಎಷ್ಟು ಸಲ ಬಸ್ಸು ಹತ್ತಿ ಬಂದಿದ್ದೆನೋ, ಅಷ್ಟೂ ಬೀರುಗಳ ಕೀ ಅದರಲ್ಲಿತ್ತು. ಮೆಲ್ಲಗೆ ಗೋಡೆಯ ಮೇಲಿನ ಫೋಟೋ ಹತ್ತಿರ ಹೋಗಿ ಆ ತಾಯಿಗೊಂದು ಸಲಾಂ ಹೊಡೆದೆ.

ಅಣ್ಣ ಕಣ್ಣೊರೆಸಿಕೊಂಡು ಕೇಳಿದರು: "ಯಾಕ್ ಸಾಬ್ರೆ, ನಮ್ಮವ್ವ ನಿಮ್ಗೆ ಗೊತ್ತಿತ್ತಾ?"

"ಮುಖ ನೋಡಿಲ್ಲ ಅಣ್ಣ. ಆದ್ರೆ ಇಷ್ಟು ವರ್ಷ ನನ್ನ ಅಂಗಡಿ ನಡೆಸಿದ್ದು ಅವರೇ!"