ಹದಿನೇಳನೇ ನಂಬರಿನ ಸ್ಪ್ಯಾನರು

ಬಸ್ಸೆಂದರೆ ನೆಲದ ಮೇಲೆ ಓಡುವ ವಾಹನ ಎಂಬುದನ್ನು ನನ್ನ ಭಾವನವರಿಗೆ ಮನವರಿಕೆ ಮಾಡಿಕೊಡಲು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಜನ ಸೇರಿ ಪ್ರಯತ್ನಿಸಿದರೂ ಆಗಲಿಲ್ಲ. ಪೂರ್ತಿ ಅವರದೇ ತಪ್ಪು ಎನ್ನಲಾರೆ. ಇಪ್ಪತ್ತು ವರ್ಷ ಮಿಲಿಟರಿ ವಿಮಾನ ರಿಪೇರಿ ಮಾಡುವ ಕಾರ್ಖಾನೆಯೊಂದರಲ್ಲಿ ನೂರಾರು ಜನರ ಮೇಲೆ ಅಧಿಕಾರಿಯಾಗಿದ್ದವರು ಏಕಾಏಕಿ ಒಂದು ಬಸ್ಸು, ಒಬ್ಬ ಡ್ರೈವರು, ಒಬ್ಬ ಕಂಡಕ್ಟರು, ಒಬ್ಬ ಬುಕಿಂಗ್ ಕ್ಲರ್ಕಿನ ಮೇಲೆ ಅಧಿಕಾರಿಯಾದರೆ ಇನ್ನೇನಾಗುತ್ತದೆ? ಆ ಬುಕಿಂಗ್ ಕ್ಲರ್ಕು ನಾನು. ನೂರಾರು ಜನರಿಗೆ ಹಂಚಿಹೋಗಬೇಕಾದ ಶಿಸ್ತು ನಮ್ಮ ಮೂವರ ಪಾಲಿಗೆ ಬಂತು.

ಅವರು ನನ್ನ ಹೆಂಡತಿಯ ಅಣ್ಣ. ನಿವೃತ್ತರಾದ ವರ್ಷವೇ ಅವರ ಪತ್ನಿ ತೀರಿಕೊಂಡರು. ಸಾಗರಕ್ಕೆ ಬಂದು ನಮ್ಮ ಪಕ್ಕದ ಮನೆ ಹಿಡಿದು ಆರು ತಿಂಗಳು ಗೋಡೆ ನೋಡುತ್ತ ಕೂತರು. ನಾನೇ ನಮ್ಮ ಬಸ್ಸಿನ ಮಾಲೀಕರ ಹತ್ತಿರ ಮಾತಾಡಿ ಅವರನ್ನು ಮ್ಯಾನೇಜರಾಗಿ ಸೇರಿಸಿದೆ. ನನ್ನ ಮೇಲೆ ನಾನೇ ಒಬ್ಬ ಯಜಮಾನರನ್ನು ತಂದು ಕೂರಿಸಿಕೊಂಡೆ ಎಂಬುದು ಹೊಳೆಯುವಷ್ಟರಲ್ಲಿ ವಾರ ಕಳೆದಿತ್ತು. ಆದರೂ ಸೇರಿದ ದಿನದಿಂದ ಅವರು ಗಡ್ಡ ಹೆರೆದುಕೊಂಡು ಇಸ್ತ್ರಿ ಷರಟು ಹಾಕಿಕೊಂಡು ಆರಕ್ಕೇ ಶೆಡ್ಡಿನಲ್ಲಿ ಹಾಜರಿರುತ್ತಿದ್ದರು. ಬೆಳಿಗ್ಗೆ ಏಳುವುದಕ್ಕೆ ಅವರಿಗೆ ಬೇರೆ ಕಾರಣವೇ ಉಳಿದಿರಲಿಲ್ಲ. ಅದನ್ನು ನೋಡಿ ನನ್ನ ಹೆಂಡತಿ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ, ಬೇರೆ ಕಾರಣಕ್ಕೆ.

ಮೊದಲು ಶೆಡ್ಡಿನ ಗೋಡೆಗೆ ಒಂದು ಹಲಗೆ ಬಂತು. ಅದರ ಮೇಲೆ ಪ್ರತಿಯೊಂದು ಸ್ಪ್ಯಾನರು, ಸುತ್ತಿಗೆ, ಇಕ್ಕಳದ ಆಕಾರವನ್ನು ಬಿಳಿ ಬಣ್ಣದಲ್ಲಿ ಬರೆದು, ಪಕ್ಕದಲ್ಲಿ ನಂಬರು ಹಾಕಿದರು. ಸಾಮಾನು ತೆಗೆದರೆ ಅದರ ನೆರಳು ಖಾಲಿ ಕಾಣಬೇಕು. ಒಂದೇ ಒಂದು ನೆರಳು ಖಾಲಿ ಇದ್ದರೂ ಬಸ್ಸು ಹೊರಡುವಂತಿಲ್ಲ. "ಸಾಮಾನು ಇಲ್ಲಿಲ್ಲ ಅಂದ್ರೆ ಇಂಜಿನ್ನಲ್ಲಿದೆ ಅಂತ ಅರ್ಥ. ಇಂಜಿನ್ನಲ್ಲಿದೆ ಅಂದ್ರೆ ಜನ ಸಾಯ್ತಾರೆ ಅಂತ ಅರ್ಥ," ಎಂದು ವಿವರಿಸಿದರು. ಈ ವಿದ್ಯೆ ನನ್ನ ಹೆಂಡತಿಗೆ ಎಷ್ಟು ಹಿಡಿಸಿತೆಂದರೆ ಅಡುಗೆಮನೆಯ ಗೋಡೆಯ ಮೇಲೂ ಸೌಟು, ಜಾಲರಿ, ಚಿಮಟಗಳ ನೆರಳು ಮೂಡಿದವು. ಸಾರಿನ ಸೌಟು ನಾಪತ್ತೆಯಾದ ಒಂದು ಮಧ್ಯಾಹ್ನ ಅದು ಸಿಗುವವರೆಗೆ ನನಗೆ ಊಟ ಬಡಿಸಲಿಲ್ಲ. ಅದು ಸಾರಿನಲ್ಲೇ ಇತ್ತು.

ಆಮೇಲೆ ಬೆಳಗಿನ ಸಭೆ ಶುರುವಾಯಿತು. ಕೂತರೆ ಮಾತು ಬೆಳೆಯುತ್ತದೆಂದು ನಿಂತೇ ನಡೆಸುವ ಐದು ನಿಮಿಷದ ಸಭೆ. ಅದರಲ್ಲಿ ಒಂದೇ ಪ್ರಶ್ನೆ.

"ನಿನ್ನೆ ಎಂತ ಕೆಟ್ಟಿತು?"

"ಎಂತದೂ ಕೆಟ್ಟಿಲ್ಲ ಸಾರ್," ಅಂದ ಡ್ರೈವರ್ ಸುಬ್ಬಣ್ಣ.

"ಹಾಗಾದ್ರೆ ನೀನು ಸರಿಯಾಗಿ ನೋಡಿಲ್ಲ."

ಸುಬ್ಬಣ್ಣ ಜಾಣ. ಮೂರನೇ ದಿನಕ್ಕೆ ಪಾಠ ಕಲಿತ. "ಹಾರ್ನು ಯಾಕೋ ಸ್ವಲ್ಪ ಬೇಜಾರಲ್ಲಿದ್ದಂಗೆ ಇದೆ ಸಾರ್" ಎಂದ. ಭಾವನವರು ಗಂಭೀರವಾಗಿ ಬರೆದುಕೊಂಡರು. ಹಾರ್ನು ಬಿಚ್ಚಿ ನೋಡಿದರೆ ಒಳಗೆ ಕಣಜ ಗೂಡು ಕಟ್ಟಿತ್ತು. ಅಂದಿನಿಂದ ಸುಬ್ಬಣ್ಣನಿಗೇ ತನ್ನ ಸುಳ್ಳಿನ ಮೇಲೆ ಭಯ ಬಂತು.

ಇಷ್ಟೆಲ್ಲ ಆಗುವಾಗ ಏಳು ಗಂಟೆಯ ಬಸ್ಸು ಏಳೂಕಾಲಿಗೋ ಏಳೂವರೆಗೋ ಹೊರಡುತ್ತಿತ್ತು. ನಮ್ಮ ಹಿಂದೆ ಹೊರಡಬೇಕಾದ ಬಸ್ಸಿನವನು ನಮ್ಮ ಗಿರಾಕಿಗಳನ್ನು ತುಂಬಿಕೊಂಡು ನಗುತ್ತ ಮುಂದೆ ಹೋಗುತ್ತಿದ್ದ. ಕೊನೆಗೊಂದು ದಿನ ಮಾಲೀಕರು ಶೆಡ್ಡಿಗೇ ಬಂದು, "ನೋಡಿ ಸ್ವಾಮಿ, ವಿಮಾನ ತಡ ಆದ್ರೆ ಸರ್ಕಾರ ಕಾಯುತ್ತೆ. ನನ್ನ ಬಸ್ಸಿಗೆ ತೀರ್ಥಹಳ್ಳಿಯವ್ರು ಕಾಯಲ್ಲ. ಇನ್ನೊಂದು ಸಲ ತಡ ಆಯ್ತೋ, ನೀವು ಮನೇಲಿ ಆರಾಮಾಗಿರಿ," ಅಂದರು.

ಮನೆಯಲ್ಲಿ ಆರಾಮಾಗಿರುವುದೆಂದರೆ ಮತ್ತೆ ಆ ಗೋಡೆ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. "ಆಯ್ತು" ಎಂದು ಹೇಳಿ ಅವರು ಹಲಗೆಯ ಧೂಳು ಒರೆಸಿದರು.

ಇನ್ನು ನನ್ನ ಸಂಗತಿ. ನಾನು ಹುಟ್ಟಾ ಪುಕ್ಕಲ. ಮನೆಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಎಳೆದು ನೋಡುವವನು. ಎರಡನೆಯ ಸಲ ಎಳೆದದ್ದರಿಂದಲೇ ಬೀಗ ಸಡಿಲವಾಯಿತೇನೋ ಎಂದು ಮೂರನೆಯ ಸಲ ಬರುವವನು. ಇಂಥವನ ಕಿವಿಗೆ ದಿನಾ ಬೆಳಿಗ್ಗೆ "ಜನ ಸಾಯ್ತಾರೆ" ಎಂದು ಹೇಳಿದರೆ ಏನಾಗಬೇಡ? ಮಾಲೀಕರು ಬಂದುಹೋದ ಮರುದಿನ ಐದೂಮುಕ್ಕಾಲಿಗೇ ಹೋಗಿ ನನ್ನ ಹತ್ತಿರವಿದ್ದ ಬೀಗದಕೈಯಿಂದ ಶೆಡ್ಡು ತೆರೆದೆ. ಸ್ಟೀರಿಂಗ್ ರಾಡಿನ ಹತ್ತಿರದ ನಟ್ಟೊಂದು ಹಿಂದಿನ ರಾತ್ರಿಯೆಲ್ಲ ನನ್ನ ತಲೆಯಲ್ಲಿ ತಾನಾಗಿಯೇ ಬಿಚ್ಚಿಕೊಳ್ಳುತ್ತಿತ್ತು. ಹದಿನೇಳನೇ ನಂಬರಿನ ಸ್ಪ್ಯಾನರು ತೆಗೆದುಕೊಂಡು, ಪಂಚೆ ಎತ್ತಿ ಕಟ್ಟಿ, ಬಸ್ಸಿನ ಕೆಳಗೆ ನುಗ್ಗಿದೆ. ನಟ್ಟು ಬಿಗಿಯಾಗಿತ್ತು. ಅಷ್ಟರಲ್ಲಿ ಹೊರಗೆ ಯಾರೋ "ಹೊಸನಗರಕ್ಕೆ ಎರಡು ಟಿಕೇಟು" ಎಂದು ಕೂಗಿದರು. ಎದ್ದು ಬಂದೆ.

ಆರೂಮುಕ್ಕಾಲಿಗೆ ಭಾವನವರು ಹಲಗೆಯ ಮುಂದೆ ನಿಂತರು. ಹದಿನೇಳನೇ ನೆರಳು ಖಾಲಿ.

"ಯಾರು ತೆಗೆದಿದ್ದು?"

ಆ ದನಿಗೆ ಸುಬ್ಬಣ್ಣ ಬೀಡಿ ಎಸೆದ. ಕಂಡಕ್ಟರು ಕಾರಣವಿಲ್ಲದೆ ಟೋಪಿ ತೆಗೆದ. ನಾನು ಟಿಕೇಟು ಪುಸ್ತಕದಲ್ಲಿ ಮುಖ ಇಟ್ಟೆ. ಹೇಳಿಬಿಡಬೇಕೆಂದು ಬಾಯಿ ತೆರೆದಾಗಲೆಲ್ಲ ಆಕಳಿಕೆ ಬಂತು. ಪೆನ್ನು ಬಿತ್ತೆಂದು ಬಸ್ಸಿನ ಕೆಳಗೆ ಬಗ್ಗಿದೆ. "ಗಾಡಿ ಕೆಳಗೆ ಯಾರೂ ಹೋಗಬಾರದು" ಎಂದು ಗದರಿದರು. ಪೆನ್ನು ನನ್ನ ಜೇಬಿನಲ್ಲಿ ಎಲ್ಲರಿಗೂ ಕಾಣುವಂತೆ ಇತ್ತು.

ಏಳಾಯಿತು. ಏಳೂವರೆ ಆಯಿತು. ಬಾನೆಟ್ಟು ತೆರೆದು ಇಂಜಿನ್ನು, ಆಮೇಲೆ ಶೆಡ್ಡಿನ ಮೂಲೆ ಮೂಲೆ ಹುಡುಕಿದರು. ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದ ಅಜ್ಜಿ ತಲೆ ಹೊರಗೆ ಹಾಕಿ, "ಎಂತ ಮಾರಾಯ್ರೆ, ಮಗಳು ತೀರ್ಥಹಳ್ಳೀಲಿ ಕಾಯ್ತಾ ಇರ್ತಾಳೆ. ಇಷ್ಟೊತ್ತಿಗೆ ನಡೆದ್ರೂ ಅರ್ಧ ದಾರಿ ಆಗ್ತಿತ್ತು," ಎಂದಳು. ಹಿಂದಿನ ಬಸ್ಸಿನವನು ಹಾರ್ನು ಹೊಡೆಯುತ್ತ ಹೋದ. ಅವನ ಹಾರ್ನಿಗೆ ಯಾವ ಬೇಜಾರೂ ಇರಲಿಲ್ಲ.

ಸುದ್ದಿ ಮುಟ್ಟಿ ಮಾಲೀಕರು ಬಂದರು.

"ಒಂದು ಸ್ಪ್ಯಾನರು ತಾನೇ? ಪೇಟೇಲಿ ಹೊಸದು ತಗೊಳ್ಳಿ. ಗಾಡಿ ಬಿಡಿ."

"ಹೊಸದು ಸಿಗುತ್ತೆ," ಅಂದರು ಭಾವ. "ಹಳೇದು ಎಲ್ಲಿದೆ ಅಂತ ಹೊಸದು ಹೇಳುತ್ತಾ?"

"ನಿನ್ನೆ ನಾನು ಹೇಳಿದ್ದು ನೆನಪಿದೆಯಾ?"

"ಇದೆ."

"ಆದ್ರೂ ಬಿಡಲ್ವಾ?"

"ಬಿಡಲ್ಲ." ಶೆಡ್ಡಿನ ಬೀಗದಕೈ ಗೊಂಚಲನ್ನು ಜೇಬಿನಿಂದ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. "ನಾನು ಹೋದ್ಮೇಲೆ ಯಾರಿಗಾದ್ರೂ ಕೊಡಿ. ಆದ್ರೆ ಹುಡುಕಿದ ಮೇಲೇ ಗಾಡಿ ಬಿಡ್ಲಿ."

ಗೊಂಚಲು ನನ್ನ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ಆಗ ನನ್ನ ಬಾಯಿಂದ ಬಂದದ್ದು ಆಕಳಿಕೆಯಲ್ಲ.

"ನಾನೇ ತೆಗೆದಿದ್ದು, ಭಾವ. ಬಸ್ಸಿನ ಕೆಳಗೆ ಹೋಗಿದ್ದೆ."

ಸುಬ್ಬಣ್ಣ ಕೆಳಗೆ ನುಗ್ಗಿ, ಮೆಲ್ಲಗೆ ಹೊರಗೆ ಬಂದ. ಕೈಯಲ್ಲಿ ಸ್ಪ್ಯಾನರು. "ಸ್ಟೀರಿಂಗ್ ರಾಡಿನ ಸಂದೀಲಿ ಇತ್ತು ಸಾರ್. ಹೊಸನಗರ ದಾಟಿದ ಮೇಲೆ ಒಂದು ತಿರುವಲ್ಲಿ ಸಿಕ್ಕಿಬಿದ್ದಿದ್ರೆ ಚಕ್ರ ತಿರುಗ್ತಿರ್ಲಿಲ್ಲ."

ಮಾಲೀಕರು ಆ ಸ್ಪ್ಯಾನರನ್ನು ಒಮ್ಮೆ, ಕಿಟಕಿಯ ಅಜ್ಜಿಯನ್ನು ಒಮ್ಮೆ ನೋಡಿದರು. ಗೊಂಚಲು ಎತ್ತಿ ಭಾವನವರ ಕೈಗೆ ಕೊಟ್ಟು, "ಹೊರಡಿಸಿ" ಎಂದಷ್ಟೇ ಹೇಳಿ ತಾವೂ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂತರು. ಅವತ್ತು ಅವರಿಗೆ ತೀರ್ಥಹಳ್ಳಿಯಲ್ಲಿ ಯಾವ ಕೆಲಸವೂ ಇರಲಿಲ್ಲ.

ಬಸ್ಸು ಹೋಯಿತು. ಶೆಡ್ಡಿನಲ್ಲಿ ನಾವಿಬ್ಬರೇ ಉಳಿದೆವು. ಈಗ ಬಯ್ಯುತ್ತಾರೆ, ಆಮೇಲೆ ಮನೆಯಲ್ಲಿ ಅವರ ತಂಗಿ ಬಯ್ಯುತ್ತಾಳೆ ಎಂದು ತಲೆ ತಗ್ಗಿಸಿ ನಿಂತೆ. ಅವರು ಬಯ್ಯಲಿಲ್ಲ. ಎದುರಿನ ಹೋಟೆಲಿಗೆ ಕರೆದುಕೊಂಡು ಹೋಗಿ ಎರಡು ಚಾ ಹೇಳಿದರು.

"ಎಷ್ಟು ಹೊತ್ತಿಂದ ಹೇಳ್ಬೇಕು ಅಂದ್ಕೊಂಡಿದ್ರಿ?"

"ಆರೂಮುಕ್ಕಾಲಿಂದ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಸುಳ್ಳು ಹೇಳುವ ಶಕ್ತಿ ಆ ಬೆಳಿಗ್ಗೆಗೆ ಮುಗಿದಿತ್ತು. "ನಿಮ್ಮ ದನಿಗೆ ಹೆದರಿದೆ ಭಾವ," ಎಂದೆ.

ಅವರು ಎತ್ತಿದ ಲೋಟವನ್ನು ಕುಡಿಯದೆ ಕೆಳಗಿಟ್ಟರು. "ಜನ ಹೆದರ್ತಾರೆ ಅಂದ್ರೆ ಕೆಲಸ ಸರಿಯಾಗಿ ನಡೀತಿದೆ ಅಂತ ಇಪ್ಪತ್ತು ವರ್ಷ ಅಂದ್ಕೊಂಡೇ ಇದ್ದೆ," ಎಂದರು. "ಅಲ್ಲಿ ನಂಗೆ ಎಷ್ಟು ಜನ ಎಷ್ಟು ವಿಷಯ ಹೇಳದೇ ಉಳಿಸಿಕೊಂಡ್ರೋ." ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ನಮ್ಮನೆಯವಳೂ ಕೊನೇವರೆಗೂ ನೋವು ಅಂತ ಹೇಳ್ಲೇ ಇಲ್ಲ. ನಾನು ರೇಗ್ತೀನಿ ಅಂತ ಇರ್ಬೇಕು."

ಅವರ ಚಾ ಆರುತ್ತಿತ್ತು. ಇನ್ನೊಂದು ಬಿಸಿ ಚಾ ತರಿಸಿ ಅವರ ಕಡೆ ಸರಿಸಿ, ಅವರದನ್ನು ನಾನು ತೆಗೆದುಕೊಂಡೆ.