ಚೀಲದ ಹಕ್ಕು

ಪದ್ಮಾಕರ ಮಾಸ್ತರನ ಚೀಲದಲ್ಲಿ ಅಂದು ಉಳ್ಳಾಗಡ್ಡಿ ಭಜಿಯ ಪೊಟ್ಟಣವಿತ್ತು. ಎಲ್ಲ ರಗಳೆಗೂ ಅದೇ ಮೂಲ.

ಹಿಂದಿನ ವಾರವಷ್ಟೇ ಖಾನಾಪುರದ ಬಸದಿಯಲ್ಲಿ, ಅವ್ವ ರಾಜಮತಿಯ ಪಕ್ಕ ನಿಂತು, ಚಾತುರ್ಮಾಸ ಮುಗಿಯುವ ತನಕ ಉಳ್ಳಾಗಡ್ಡಿ ಮುಟ್ಟುವುದಿಲ್ಲವೆಂದು ಅವನು ನಿಯಮ ಹಿಡಿದಿದ್ದ. "ನೀ ತಪ್ಪಿದ ದಿನಾ ನಾ ಉಪಾಸ," ಎಂದಿದ್ದಳು ಅವ್ವ. ಆದರೆ ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಹತ್ತಿರ, ಖಾಸಬಾಗದ ಗಾಡಿಯವನು ಬಿಸಿ ಭಜಿ ಎತ್ತುವಾಗ ಮೂಗು ಮಾತು ಕೇಳಲಿಲ್ಲ. ಸಂಜೆ ಊರಿಗೆ ಮರಳುವ ರೈಲಿನಲ್ಲಿ ತಿಂದರಾಯಿತೆಂದು ಕಟ್ಟಿಸಿಕೊಂಡು ಬಂದ.

ಒಂಬತ್ತನೇ ತರಗತಿಯಲ್ಲಿ ಲೆಕ್ಕ ಬಿಡಿಸುತ್ತಿದ್ದಾಗ ಎಲ್ಲೋ ಮೊಬೈಲ್ ಹಾಡಿತು. ಶಾಲೆಯಲ್ಲಿ ಮಕ್ಕಳು ಮೊಬೈಲ್ ತರುವಂತಿಲ್ಲ. ಅವನು ಚೀಲವನ್ನು ಮೇಜಿನ ಮೇಲೇ ಬಿಟ್ಟು ಓಡಿಹೋಗಿ ಹೆಡ್‌ಮಾಸ್ತರ ಗುರುಪುತ್ರಪ್ಪನವರನ್ನು ಕರೆತರುವಷ್ಟರಲ್ಲಿ ಹಾಡು ನಿಂತಿತ್ತು. ಮಕ್ಕಳೆಲ್ಲ ಕೈಕಟ್ಟಿ ಕೂತಿದ್ದರು. ಆ ಸಭ್ಯತೆ ಕಂಡೇ ಅವನಿಗೆ ಸಂಶಯ ಬಂತು.

"ಎಲ್ಲಾರ ಚೀಲಾನೂ ಝಾಡಿಸೂಣು," ಎಂದರು ಗುರುಪುತ್ರಪ್ಪ.

ಮುಂದಿನ ಬೆಂಚಿನ ಮನಿಷಾ ಎದ್ದು ನಿಂತಳು. "ನಮ್ಮನ್ನ ಕೇಳದ ನಮ್ಮ ಚೀಲಕ್ಕ ಕೈ ಹಾಕೂದು ಸರಿ ಏನ್ರಿ ಸರ್? ನಮಗೂ ಪ್ರೈವಸಿ ಐತ್ರಿ."

"ಹಂಗಾದ್ರ ಭೇದ ಬ್ಯಾಡ. ಮೊದಲ ಪದ್ಮಾಕರ ಸರ್ ಚೀಲಾ, ಆಮ್ಯಾಲ ನಿಮ್ಮವು."

ಪದ್ಮಾಕರನಿಗೆ ಭಜಿಯ ಪೊಟ್ಟಣ ನೆನಪಾಯಿತು. ಬಾಗಿಲಲ್ಲಿ ಸುಹಾಸಿನಿ ಟೀಚರ್ ಬೇರೆ ಇಣುಕುತ್ತಿದ್ದಳು; ಅವಳೂ ಅದೇ ಬಸದಿಯವಳು, ಅವ್ವನ ಗೆಳತಿಯ ಮಗಳು.

ಅವನು ಚೀಲವನ್ನು ಎದೆಗವಚಿಕೊಂಡು ಗುಡುಗಿದ: "ಮಕ್ಕಳಿಗೂ ಮರ್ಯಾದಿ ಐತ್ರಿ ಸರ್! ಒಬ್ಬರ ತಪ್ಪಿಗೆ ನಲವತ್ತು ಮಂದೀನ್ನ ಕಳ್ಳರ ಮಾಡೂದ? ಯಾರ ಚೀಲಾನೂ ತೆಗ್ಯಾಕ ನಾ ಬಿಡೂದಿಲ್ಲ!"

ಗುರುಪುತ್ರಪ್ಪ ತಬ್ಬಿಬ್ಬಾಗಿ ಹಿಂದೆ ಸರಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದವಳು ಮನಿಷಾ.

ರೈಲು ದೇಸೂರು ದಾಟುವ ಮೊದಲೇ ಭಜಿ ಖಾಲಿಯಾಯಿತು. ಕಾಗದವನ್ನು ಕಸದ ಡಬ್ಬಿಗೆ ಹಾಕಿ, ಯಾಲಕ್ಕಿ ಜಗಿದು, ನಿಶ್ಚಿಂತೆಯಿಂದ ಮನೆಯ ಮೆಟ್ಟಿಲು ಹತ್ತಿದ. ಅವ್ವ ಬಾಗಿಲಲ್ಲೇ ನಿಂತಿದ್ದಳು.

"ಸುಹಾಸಿನಿ ಫೋನ್ ಮಾಡಿದ್ಳು. ಭಾರಿ ಭಾಷಣಾ ಮಾಡಿದೆಂತ. ಚೀಲದ ಸಲುವಾಗಿ ಅಷ್ಟು ಬಡದಾಡಿದಿ ಅಂದ್ರ ಒಳಗ ಏನೋ ಐತಿ. ತಾ ಇಲ್ಲೆ."

"ನೋಡವ್ವ, ಧಾರಾಳ ನೋಡು," ಎಂದು ಪದ್ಮಾಕರ ನಗುತ್ತ ಕೊಟ್ಟ.

ಅವ್ವ ಚೀಲ ಬೋರಲು ಹಾಕಿ ಕೊಡವಿದಳು. ಪುಸ್ತಕ, ಕೊಡೆ, ಡಬ್ಬಿ ಬಿದ್ದವು. ಕೊನೆಗೆ ಪಕ್ಕದ ಜೇಬಿನಿಂದ ಗುಲಾಬಿ ಕವರಿನ ಮೊಬೈಲೊಂದು ಜಾರಿತು. ಅದು ಅವನದಲ್ಲ. ಅವನು ಕಣ್ಣು ಬಿಡುತ್ತಿರುವಾಗಲೇ ಅದು ಗುಂಯ್‌ಗುಡತೊಡಗಿತು. ಕಿವಿ ಮಂದವಾದ ಅವ್ವ ರೂಢಿಯಂತೆ ಸ್ಪೀಕರ್ ಒತ್ತಿದಳು.

"ಸರ್, ನಾ ಮನಿಷಾ ರೀ. ನಮ್ಮವ್ವನ ಫೋನಿಂದ ಮಾತಾಡಾಕತ್ತೀನ್ರಿ. ನೀವು ಹೊರಗ ಹೋದಾಗ ನನ್ನ ಫೋನ್ ನಿಮ್ಮ ಚೀಲದಾಗ ಇಟ್ಟಿದ್ನಿ. ನಾಳಿ ಯಾರಿಗೂ ಹೇಳದ ತರ್ರಿ. ನಿಮ್ಮ ಉಳ್ಳಾಗಡ್ಡಿ ಭಜಿ ನಾ ಮುಟ್ಟಿಲ್ರಿ, ಯಾರಿಗೂ ಹೇಳೂದೂ ಇಲ್ರಿ. ನಿಮ್ಮ ಪ್ರೈವಸಿ ನಿಮಗ."

ಅವ್ವ ಮೊಬೈಲನ್ನು ಅವನ ಕೈಗಿಟ್ಟಳು. ಒಳಗೆ ಹೋಗಿ ಒಲೆ ಆರಿಸಿದಳು.